ಮೇ ಎಲ್ಲವನ್ನೂ ನೋಡಿದ್ದಳು

ಮೈಸೂರು

ಪುಟ್ಟಿ,

ನೀನು ಕಳಿಸಿದ ಉದ್ದನೆಯ ಮೆಸೇಜು ಓದಿದೆ. ಫೋನಿನಲ್ಲಿ ಅವಸರವಸರವಾಗಿ ಉತ್ತರ ಹೇಳಿ ಮುಗಿಸುವ ವಿಷಯ ಇದಲ್ಲ ಅನ್ನಿಸಿತು, ಅದಕ್ಕೇ ಕಾಗದ ಹಿಡಿದು ಕೂತೆ. ರೂಮಿನ ಹುಡುಗಿಯರೆಲ್ಲ ಸೇರಿ ‘ದಿ ಏಜ್ ಆಫ್ ಇನೋಸೆನ್ಸ್’ ನೋಡಿದ್ದು, ನೋಡಿ ಮುಗಿದ ಮೇಲೆ ರಾತ್ರಿಯೆಲ್ಲ ವಾದ ಮಾಡಿದ್ದು, ಅದನ್ನು ನನಗೆ ಬರೆದು ತೀರ್ಪು ಕೇಳಿದ್ದು, ಎಲ್ಲ ನನಗೆ ಬಹಳ ಇಷ್ಟವಾಯಿತು. ಒಬ್ಬಳಿಗೆ ಎರಡು ಗಂಟೆಯ ಸಿನಿಮಾದಲ್ಲಿ ಏನೂ ನಡೆಯಲೇ ಇಲ್ಲವಂತೆ. ಒಬ್ಬಳು ಕುದುರೆಗಾಡಿಯ ದೃಶ್ಯದಿಂದ ಅಳಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲವಂತೆ. ಇನ್ನೊಬ್ಬಳಿಗೆ ಆರ್ಚರ್‌ನ ಹೆಂಡತಿ ಮೇ ಶುದ್ಧ ಕಪಟಿ. ನಿನ್ನ ಸಿಟ್ಟೆಲ್ಲ ಆರ್ಚರ್ ಮೇಲೆ: ಪ್ಯಾರಿಸ್ಸಿನ ತನಕ ಹೋದವನು ನಾಲ್ಕು ಮೆಟ್ಟಿಲು ಹತ್ತಿ ಹಳೆಯ ಪ್ರಿಯತಮೆ ಎಲೆನ್‌ಳನ್ನು ನೋಡದೆ ಎದ್ದು ಹೋದನಲ್ಲ, ಅಂಥ ಪುಕ್ಕಲನಿಗಾಗಿ ನಾನ್ಯಾಕೆ ಮರುಗಲಿ ಅಂತ.

ಈ ಜಗಳ ಹೊಸದೇನಲ್ಲ. 1993ರ ಸೆಪ್ಟೆಂಬರಿನಲ್ಲಿ ಚಿತ್ರ ಅಮೆರಿಕದಲ್ಲಿ ತೆರೆ ಕಂಡಾಗಲೂ ಜನ ಹೀಗೇ ಹಂಚಿಹೋಗಿದ್ದರು. ಮಾರ್ಟಿನ್ ಸ್ಕಾರ್ಸೆಸಿ ಎಂದರೆ ರಕ್ತ, ಬೈಗುಳ, ನ್ಯೂಯಾರ್ಕಿನ ಬೀದಿ ಎಂದು ಒಗ್ಗಿಹೋಗಿದ್ದ ಪ್ರೇಕ್ಷಕರು ಅವರು. ಅದಕ್ಕೆ ಮೂರು ವರ್ಷ ಮೊದಲು ‘ಗುಡ್‌ಫೆಲಾಸ್’, ಎರಡು ವರ್ಷ ಮೊದಲು ‘ಕೇಪ್ ಫಿಯರ್’. ಅಂಥ ನಿರ್ದೇಶಕ ಇದ್ದಕ್ಕಿದ್ದಂತೆ 1870ರ ದಶಕದ ಸಿರಿವಂತರ ಊಟದ ಮೇಜು, ಕೈಗವಸು, ಹೂಗುಚ್ಛಗಳ ಮುಂದೆ ಕ್ಯಾಮೆರಾ ಇಟ್ಟಾಗ ಹಲವರಿಗೆ ದಿಕ್ಕು ತೋಚಲಿಲ್ಲ. ಸುಮಾರು 3.4 ಕೋಟಿ ಡಾಲರ್ ಖರ್ಚಿನ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಆ ಖರ್ಚಿನಷ್ಟನ್ನೂ ಗಳಿಸಲಿಲ್ಲ. ಐದು ಆಸ್ಕರ್ ನಾಮನಿರ್ದೇಶನ ಸಿಕ್ಕಿ, ಗೆದ್ದದ್ದು ಗೇಬ್ರಿಯೆಲ್ಲಾ ಪೆಸ್ಕೂಚಿಯ ವಸ್ತ್ರವಿನ್ಯಾಸ ಒಂದೇ. ಬಟ್ಟೆ ಚೆನ್ನಾಗಿದೆ, ಸಿನಿಮಾ ತಣ್ಣಗಿದೆ ಎನ್ನುವವರ ಕೈಗೆ ಅದೇ ಒಂದು ಆಧಾರವಾಯಿತು.

ತಣ್ಣಗಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತನ್ನ ಚಿತ್ರಗಳಲ್ಲೆಲ್ಲ ಹೆಚ್ಚು ಹಿಂಸೆ ಇರುವುದು ಇದರಲ್ಲೇ ಎಂದು ಸ್ಕಾರ್ಸೆಸಿಯೇ ಹೇಳಿದ್ದುಂಟು. ಎಲೆನ್‌ಳನ್ನು ಬೀಳ್ಕೊಡುವ ಆ ಔತಣ ನೆನಪು ಮಾಡಿಕೊ. ಮೇಜಿನ ಸುತ್ತ ಕೂತ ಒಬ್ಬರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಎಲ್ಲರೂ ಅವಳ ಮೇಲೆ ಪ್ರೀತಿ ಸುರಿಸುತ್ತಾರೆ. ಊಟದ ನಡುವೆ ಆರ್ಚರ್‌ಗೆ ಹೊಳೆಯುತ್ತದೆ: ಇಲ್ಲಿರುವ ಪ್ರತಿಯೊಬ್ಬರೂ ತನಗೂ ಎಲೆನ್‌ಗೂ ಸಂಬಂಧವಿದೆ ಎಂದು ತಿಂಗಳುಗಟ್ಟಲೆಯಿಂದ ನಂಬಿದ್ದಾರೆ, ಇಡೀ ಬಳಗ ಸದ್ದಿಲ್ಲದೆ ತನ್ನ ಹೆಂಡತಿಯ ಬೆನ್ನಿಗೆ ನಿಂತಿದೆ, ಈ ಔತಣ ಆ ಹೆಂಗಸನ್ನು ಊರಿನಿಂದ ಸಾಗಹಾಕುವ ವಿಧಿ. ಒಂದು ಬಯ್ಗುಳವಿಲ್ಲ, ಒಂದು ಆರೋಪವಿಲ್ಲ. ನಮಗೆ ಇದು ಅರ್ಥವಾಗಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ ಪುಟ್ಟಿ. ನಾಲ್ಕು ಜನ ಏನಂದಾರು ಎಂಬ ಮಾತಿನ ಕೆಳಗೆ ಬೆಳೆದವರು ನಾವು. ಬೇಡವಾದ ನೆಂಟಳಿಗೆ ಸೀರೆ ಉಡಿಸಿ, ಅರಿಶಿನ ಕುಂಕುಮ ಕೊಟ್ಟು, ಬಾಗಿಲ ತನಕ ಬಂದು ಬೀಳ್ಕೊಟ್ಟು, ಆಮೇಲೆ ಆಕೆಯ ಹೆಸರನ್ನೇ ಎತ್ತದ ಮನೆಗಳನ್ನು ನಾನು ಕಂಡಿದ್ದೇನೆ.

ಹಿನ್ನೆಲೆಯಲ್ಲಿ ಕಥೆ ಹೇಳುವ ದನಿ ಅತಿಯಾಯಿತು ಎಂದೂ ನಿಮ್ಮಲ್ಲಿ ಯಾರೋ ಹೇಳಿದಳಂತೆ. ಅದು ಜೊಆನ್ ವುಡ್‌ವರ್ಡ್ ದನಿ. ಬಹಳ ಜನರ ದೂರು ಅದು: ಕಣ್ಣಿಗೆ ಕಾಣುವುದನ್ನೇ ಬಾಯಲ್ಲೂ ಯಾಕೆ ಹೇಳಬೇಕು ಅಂತ. ನನಗೆ ಆ ದನಿ ಬೇಕೇ ಬೇಕು. ಅದು ಆ ಊರಿನದೇ ದನಿ. ಯಾರ ಮನೆಯಲ್ಲಿ ಯಾವ ಪಿಂಗಾಣಿ, ಯಾರು ಯಾರಿಗೆ ಏನಾಗಬೇಕು, ಯಾರು ಎಲ್ಲಿ ಜಾರಿದರು, ಎಲ್ಲ ಗೊತ್ತಿರುವ, ಎಲ್ಲವನ್ನೂ ಮೆಲುದನಿಯಲ್ಲೇ ಹೇಳುವ ಹಿರಿಯ ಹೆಂಗಸಿನ ದನಿ. ಆ ದನಿ ತೆಗೆದುಬಿಟ್ಟರೆ ಆರ್ಚರ್ ಬರೀ ಹಿಂಜರಿಯುವ ಗಂಡಸಾಗಿ ಕಾಣುತ್ತಾನೆ. ಅದು ಇದ್ದಾಗ ಅವನನ್ನು ಎಷ್ಟು ಕಣ್ಣುಗಳು ಕಾಯುತ್ತಿವೆ ಎಂಬುದು ಕಿವಿಗೇ ತಿಳಿಯುತ್ತದೆ.

ಚಿತ್ರದ ಮೂಲ ಕಾದಂಬರಿ ಓದಿದವರ ತಕರಾರು ಬೇರೆ ಥರದ್ದು. ಈಡಿತ್ ವಾರ್ಟನ್ ಬರೆದ ಮೇ ಹೊಂಬಣ್ಣದ ಕೂದಲಿನವಳು, ಎಲೆನ್ ಕಂದುಗೂದಲಿನವಳು. ಚಿತ್ರದಲ್ಲಿ ಅದು ತಿರುಗುಮುರುಗು: ವಿನೋನಾ ರೈಡರ್ ಕಪ್ಪು ಕೂದಲಿನ ಮೇ, ಮಿಶೆಲ್ ಫೈಫರ್ ಹೊಂಬಣ್ಣದ ಎಲೆನ್. ಪುಸ್ತಕವನ್ನು ಎದೆಗವಚಿಕೊಂಡವರಿಗೆ ಇದು ಸಣ್ಣ ಮಾತಲ್ಲ. ನಮ್ಮಲ್ಲಿಯೂ ‘ನಾಗರಹಾವು’ ಚಿತ್ರ ಬಂದಾಗ ಇಡೀ ನಾಡೇ ಮೆಚ್ಚಿ ಕುಣಿಯುತ್ತಿದ್ದರೂ ಕಾದಂಬರಿ ಬರೆದ ತ.ರಾ.ಸು. ಅವರಿಗೇ ಸಮಾಧಾನವಿರಲಿಲ್ಲವಲ್ಲ. ಆದರೆ ಈ ಒಂದು ಬದಲಾವಣೆ ಚಿತ್ರಕ್ಕೆ ಒಳ್ಳೆಯದನ್ನೇ ಮಾಡಿದೆ ಎಂದು ನನ್ನ ಎಣಿಕೆ. ಕಪ್ಪು ಕೂದಲಿನವಳು ಮೋಹಿನಿ, ಹೊಂಬಣ್ಣದವಳು ಮುಗ್ಧೆ ಎಂಬುದು ಪಶ್ಚಿಮದ ಕಥೆಗಳಲ್ಲಿ ಸವೆದುಹೋದ ಲೆಕ್ಕ. ಕೂದಲ ಬಣ್ಣ ನೋಡಿ ಯಾರು ಏನೆಂದು ಪ್ರೇಕ್ಷಕ ಮೊದಲೇ ತೀರ್ಮಾನಿಸಲು ಇಲ್ಲಿ ದಾರಿಯಿಲ್ಲ. ಮುಖವನ್ನೇ ನೋಡಬೇಕು. ಮೇಯ ಮುಖವನ್ನು ನೋಡಲು ಶುರು ಮಾಡಿದರೆ ಚಿತ್ರ ಬೇರೆಯೇ ಆಗುತ್ತದೆ.

ಇದನ್ನು ನನಗೆ ತೋರಿಸಿಕೊಟ್ಟದ್ದು ನಿಮ್ಮಜ್ಜಿ. ನಾನು, ನಿಮ್ಮಮ್ಮ ಬಾಡಿಗೆಗೆ ತಂದ ಕ್ಯಾಸೆಟ್ಟು ಹಾಕಿಕೊಂಡು ಕೂತಿದ್ದೆವು. ಅಜ್ಜಿ ಹೂ ಕಟ್ಟುತ್ತಾ ನಡುಮನೆಯ ಬಾಗಿಲಿಗೆ ಒರಗಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ, ನಾವೂ ಏನೂ ಹೇಳಲಿಲ್ಲ. ನಾವಿಬ್ಬರೂ ಆರ್ಚರ್, ಎಲೆನ್ ಸಿಗುವರೋ ಇಲ್ಲವೋ ಎಂದು ಉಸಿರು ಬಿಗಿಹಿಡಿದಿದ್ದೆವು. ಸಿನಿಮಾ ಮುಗಿದು ನಿಮ್ಮಮ್ಮ ಕಣ್ಣೊರೆಸಿಕೊಳ್ಳುತ್ತಿರುವಾಗ ಅಜ್ಜಿ ಕೇಳಿದ್ದು ಇಷ್ಟು: “ಆ ಚಿಕ್ಕ ಹುಡುಗಿಗೆ ಮೊದಲಿಂದಲೂ ಗೊತ್ತಿತ್ತಲ್ಲ, ಯಾರ ಹತ್ತಿರಾನೂ ಹೇಳ್ಕೊಳ್ಳಲಿಲ್ವಾ ಅವಳು?” ಮಾತು ತಿಳಿಯದ ಅಜ್ಜಿ ನೋಟಗಳನ್ನಷ್ಟೇ ಹಿಡಿದು ಹೋಗಿದ್ದರು. ಮಾತಿನ ಹಿಂದೆ ಹೋದ ನಮಗೆ ಆ ಹುಡುಗಿ ಕಣ್ಣಿಗೇ ಬಿದ್ದಿರಲಿಲ್ಲ. ಆರ್ಚರ್‌ಗೂ ಬಿದ್ದಿರಲಿಲ್ಲ.

ಹಾಗಾಗಿ ಮೇ ಕಪಟಿ ಎನ್ನುವ ನಿನ್ನ ಗೆಳತಿಗೆ ನನ್ನ ಉತ್ತರ ಸ್ವಲ್ಪ ಉದ್ದ. ಫ್ಲಾರಿಡಾದ ಸೇಂಟ್ ಆಗಸ್ಟೀನಿನಲ್ಲಿ ನಡೆಯುವ ಆ ತೋಟದ ದೃಶ್ಯಕ್ಕೆ ವಾಪಸ್ ಹೋಗಿ ನೋಡಿ. ಎಲೆನ್‌ಳತ್ತ ಮನಸ್ಸು ಜಾರುತ್ತಿದೆ ಎಂದು ಹೆದರಿದ ಆರ್ಚರ್ ನಿಶ್ಚಿತಾರ್ಥವಾದ ಹುಡುಗಿಯ ಹತ್ತಿರ ಓಡಿ ಬಂದಿದ್ದಾನೆ. ಮದುವೆ ಬೇಗ ಆಗಲಿ ಎಂದು ಬೇಡುತ್ತಾನೆ. ಯಾಕಿಷ್ಟು ಅವಸರ ಎಂದು ಅವಳಿಗೆ ಅನುಮಾನ. ನಿನಗೆ ಬೇರೆ ಯಾರಾದರೂ ಇದ್ದರೆ ಹೇಳು, ಇನ್ನೊಬ್ಬಳಿಗೆ ಅನ್ಯಾಯ ಮಾಡಿ ನನ್ನ ಸುಖ ಕಟ್ಟಿಕೊಳ್ಳಲಾರೆ, ನಾನು ಬಿಟ್ಟುಕೊಡುತ್ತೇನೆ ಎಂಬರ್ಥದಲ್ಲಿ ಅವಳು ಮಾತಾಡುತ್ತಾಳೆ. ಅವಳ ಊಹೆ ಅವನ ಯಾವುದೋ ಹಳೆಯ ಸಂಬಂಧದ ಕಡೆ ಹೋಗಿದೆ, ನಿಜ. ಆದರೂ ಆ ಕಾಲದ, ಆ ಮನೆತನದ ಹುಡುಗಿ, ನಿಶ್ಚಿತಾರ್ಥ ಊರಿಗೆಲ್ಲ ಗೊತ್ತಾದ ಮೇಲೆ, ಬಾಗಿಲು ತೆರೆದು ಹೋಗು ಎನ್ನುತ್ತಾಳೆ. ಇಡೀ ಕಥೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಇಷ್ಟು ನೇರವಾಗಿ ಕೇಳುವುದು ಅಪರೂಪ. ಅವನು ಏನೆಂದ? ಯಾರೂ ಇಲ್ಲ ಎಂದ. ಅವನ ಮನಸ್ಸು ಎಲ್ಲಿತ್ತು ಎಂದು ಬಲ್ಲ ನಮಗೆ ಅದು ಸುಳ್ಳೆಂದೇ ಕೇಳಿಸುತ್ತದೆ.

ಆಮೇಲೆ ಮೇ ಮತ್ತೆಂದೂ ಅಷ್ಟು ನೇರವಾಗಿ ಕೇಳಲಿಲ್ಲ. ಯಾಕೆ ಕೇಳಬೇಕು? ಒಮ್ಮೆ ಕೇಳಿದ್ದಾಯಿತಲ್ಲ. ನಂತರ ಅವಳು ಮಾಡಿದ್ದೆಲ್ಲ ಆ ಊರು ಅವಳಿಗೆ ಕಲಿಸಿದ ರೀತಿಯಲ್ಲಿ. ಔತಣ ಮುಗಿದು ಅತಿಥಿಗಳು ಹೋದ ಮೇಲಿನ ದೃಶ್ಯ ಬರುತ್ತದಲ್ಲ, ಅವನು ದೂರ ಎಲ್ಲಿಗಾದರೂ ಹೋಗಬೇಕು, ಇಂಡಿಯಾಕ್ಕೋ ಜಪಾನಿಗೋ ಎನ್ನುತ್ತಿರುವಾಗ ಮೇ ಕುರ್ಚಿಯಿಂದ ಏಳುತ್ತಾಳೆ. ಸ್ಕಾರ್ಸೆಸಿ ಅವಳು ಏಳುವುದೊಂದನ್ನೇ ತುಂಡು ತುಂಡು ಮಾಡಿ ತೋರಿಸುತ್ತಾನೆ, ಅವಳು ಎದ್ದು ಮುಗಿಯುವುದೇ ಇಲ್ಲವೇನೋ ಎಂಬಂತೆ. ಆ ಉಡುಪಿನ ರಾಶಿ ಪರದೆ ತುಂಬುತ್ತದೆ. ತಾನು ಬಸುರಿ ಎಂದು ಹೇಳುತ್ತಾಳೆ. ಎಲೆನ್‌ಗೆ ಎರಡು ವಾರದ ಹಿಂದೆಯೇ ಹೇಳಿದ್ದಳಂತೆ. ಆಗ ಅದು ಖಚಿತವಾಗಿರಲಿಲ್ಲ. ನಿನ್ನ ಗೆಳತಿ ಹಿಡಿದುಕೊಂಡಿರುವುದು ಇದನ್ನೇ. ಹೌದು, ಮೇ ಅಲ್ಲಿ ಸುಳ್ಳಾಡಿದಳು, ಆ ಸುಳ್ಳಿನಿಂದ ಎಲೆನ್ ಊರು ಬಿಟ್ಟಳು. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಅವನು ಹೇಳಿದ್ದು ಒಂದು, ಅವಳು ಹೇಳಿದ್ದು ಒಂದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಬೇಕು. ಬರೀ ಅವಳದನ್ನಷ್ಟೇ ಎತ್ತಿ ತೋರಿಸಿದರೆ ನಾವೂ ಆ ಊಟದ ಮೇಜಿನ ಜನರ ಹಾಗೆ ಆದೆವು. ರೈಡರ್ ಆ ಪಾತ್ರ ಮಾಡಿದಾಗ ಇಪ್ಪತ್ತು ದಾಟಿದ ಹುಡುಗಿ. ಪರಿಚಿತ ನಗೆ, ತಗ್ಗಿಸಿದ ಕಣ್ಣು, ಅದರ ಕೆಳಗೆ ಎಲ್ಲ ಲೆಕ್ಕವನ್ನೂ ಇಟ್ಟಿರುವ ಬುದ್ಧಿ, ಮೂರನ್ನೂ ಒಂದೇ ಮುಖದಲ್ಲಿ ಹಿಡಿದಿದ್ದಾಳೆ. ಚಿತ್ರದ ಅತ್ಯುತ್ತಮ ಅಭಿನಯ ನನ್ನ ಪಾಲಿಗೆ ಅವಳದೇ.

ಎಲೆನ್‌ಳನ್ನು ನಾನು ಕಡಿಮೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ಅವಳ ವಿಷಯ ಬಂದಾಗ ನನಗೆ ಸಿಟ್ಟು ಬರುವುದು ಆರ್ಚರ್ ಮೇಲೆ. ದುಷ್ಟ ಗಂಡನನ್ನು ಬಿಟ್ಟು ಯುರೋಪಿನಿಂದ ಬಂದವಳು ವಿಚ್ಛೇದನ ಕೇಳುತ್ತಾಳೆ. ಮನೆಯವರ ಪರವಾಗಿ ಬುದ್ಧಿ ಹೇಳಲು ಹೋಗುವ ವಕೀಲ ಇವನೇ. ಕಾನೂನು ಬಿಟ್ಟರೂ ಜನ ಬಿಡುವುದಿಲ್ಲ ಎಂದು ಅವಳನ್ನು ಒಪ್ಪಿಸುತ್ತಾನೆ. ಆಮೇಲೆ ಅದೇ ಬಾಯಲ್ಲಿ ಪ್ರೀತಿಯ ಮಾತಾಡುತ್ತಾನೆ. ನನ್ನ ಬಿಡುಗಡೆಗೆ ಬಾಗಿಲು ಹಾಕಿದವನು ನೀನೇ ಅಲ್ಲವೇ ಎಂದು ಅವಳು ಅವನನ್ನು ಕೇಳುವ ಗಳಿಗೆಯಲ್ಲೇ ಮೇ ಕಡೆಯಿಂದ ತಂತಿ ಬರುತ್ತದೆ, ಮದುವೆ ಬೇಗ ಮಾಡಲು ಮನೆಯವರು ಒಪ್ಪಿದ್ದಾರೆ ಅಂತ. ಈ ಭಾಗ ಬರೆಯುವಾಗ ವಾರ್ಟನ್ ಊಹೆಯಿಂದ ಬರೆಯುತ್ತಿರಲಿಲ್ಲ. 1862ರಲ್ಲಿ ನ್ಯೂಯಾರ್ಕಿನ ಅಂಥದೇ ಹಳೆಯ ಸಿರಿವಂತ ಮನೆತನದಲ್ಲಿ ಹುಟ್ಟಿ, 1885ರಲ್ಲಿ ಮದುವೆಯಾಗಿ, 1913ರಲ್ಲಿ ವಿಚ್ಛೇದನ ಪಡೆದವಳು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲೇ ಇದ್ದು ನಿರಾಶ್ರಿತರಿಗಾಗಿ ದುಡಿದಳು. ಆ ಯುದ್ಧ ಮುಗಿದ ಮೇಲೆ, ತನ್ನ ಬಾಲ್ಯದ ಊರು ಇನ್ನಿಲ್ಲ ಎಂದು ತಿಳಿದ ಮೇಲೆ, ಕುಳಿತು ಇದನ್ನು ಬರೆದಳು. 1920ರಲ್ಲಿ ಪುಸ್ತಕ ಬಂತು, ಮರುವರ್ಷ ಪುಲಿಟ್ಜರ್ ಬಂತು. ಕಾದಂಬರಿಗೆ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಆಕೆ. ಆ ಊರನ್ನು ಅವಳು ಟೀಕಿಸುತ್ತಾಳೆ, ಆದರೆ ದ್ವೇಷಿಸುವುದಿಲ್ಲ. ಅಂಥದೊಂದು ಸಮತೋಲ ಸ್ಕಾರ್ಸೆಸಿಗೆ ಹೇಗೆ ದಕ್ಕಿತೋ! ಅವನ ಗೆಳೆಯ ಜೇ ಕಾಕ್ಸ್ ಈ ಪುಸ್ತಕವನ್ನು ಅವನ ಕೈಗಿಟ್ಟದ್ದು 1980ರಲ್ಲಿ. ಮುಂದೆ ಇಬ್ಬರೂ ಸೇರಿ ಚಿತ್ರಕಥೆ ಬರೆದರು. ಅಷ್ಟು ವರ್ಷ ಆ ಪುಸ್ತಕ ಅವನೊಳಗೆ ಇತ್ತು. ಚಿತ್ರವನ್ನು ಅವನು ಅರ್ಪಿಸಿದ್ದು ತೀರಿಕೊಂಡ ತನ್ನ ತಂದೆಗೆ.

ಇನ್ನು ನಿನ್ನ ಪ್ರಶ್ನೆ. ಅವನು ಮೇಲೆ ಹೋಗಬೇಕಿತ್ತೇ?

ಕಥೆಯ ಕೊನೆಯಲ್ಲಿ ಇಪ್ಪತ್ತಾರು ವರ್ಷ ಕಳೆದಿದೆ, ಅವನಿಗೆ ಐವತ್ತೇಳು. ಮೇ ತೀರಿಕೊಂಡಿದ್ದಾಳೆ, ಕಿರಿಯ ಮಗನಿಗೆ ನ್ಯುಮೋನಿಯಾ ಬಂದಾಗ ಆರೈಕೆ ಮಾಡಿ ಅವನನ್ನು ಉಳಿಸಿಕೊಂಡು, ಅದೇ ಕಾಯಿಲೆಗೆ ತಾನು ಬಲಿಯಾಗಿ. ಕಾಲ ಎಷ್ಟು ಬದಲಾಗಿದೆ ಎಂದರೆ, ಊರೆಲ್ಲ ಹೊರಗಿಟ್ಟಿದ್ದ ಬೋಫರ್ಟ್ ಎಂಬವನ ಮಗಳನ್ನೇ ಹಿರಿಯ ಮಗ ಮದುವೆಯಾಗಲಿದ್ದಾನೆ, ಯಾರೂ ಹುಬ್ಬೇರಿಸುವುದಿಲ್ಲ. ಪ್ಯಾರಿಸ್ಸಿನಲ್ಲಿ ಆ ಮಗ ತಂದೆಗೆ ಒಂದು ಮಾತು ಹೇಳುತ್ತಾನೆ. ಅಮ್ಮ ಸಾಯುವ ಹಿಂದಿನ ದಿನ ನನ್ನನ್ನು ಕರೆದು ಹೇಳಿದಳು, ನಿಮ್ಮಪ್ಪನ ಜೊತೆ ನೀವು ನಿರ್ಭಯವಾಗಿ ಇರಬಹುದು, ಅವರು ಎಲ್ಲಕ್ಕಿಂತ ಹೆಚ್ಚು ಬಯಸಿದ್ದನ್ನು ನಾನು ಕೇಳಿದಾಗ ಬಿಟ್ಟುಕೊಟ್ಟರು ಅಂತ. ಅವಳು ನನ್ನನ್ನು ಕೇಳಲೇ ಇಲ್ಲ ಎನ್ನುತ್ತಾನೆ ಆರ್ಚರ್.

ನಿಮ್ಮಜ್ಜಿಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಹೇಳಿಕೊಂಡಳು, ಒಬ್ಬರ ಹತ್ತಿರ, ಕೊನೆಯಲ್ಲಿ. ಅಷ್ಟು ವರ್ಷ ತನ್ನ ದುಃಖ ಯಾರಿಗೂ ತಿಳಿಯದು ಎಂದುಕೊಂಡು ಅದನ್ನೇ ಗುಟ್ಟಾಗಿ ಪೂಜಿಸಿಕೊಂಡು ಬದುಕಿದವನಿಗೆ ಗೊತ್ತಾಗುತ್ತದೆ, ಒಬ್ಬಳು ಎಲ್ಲವನ್ನೂ ಊಹಿಸಿದ್ದಳು, ಮರುಗಿದ್ದಳು, ಆ ಒಬ್ಬಳು ತನ್ನ ಹೆಂಡತಿಯೇ ಆಗಿದ್ದಳು. ಏನೂ ತಿಳಿಯದವಳು ಎಂದು ತಾನು ಬಗೆದಿದ್ದ ಹೆಂಗಸು. ಈ ಮಾತನ್ನು ಕಿವಿಯಲ್ಲಿ ತುಂಬಿಕೊಂಡೇ ಅವನು ಎಲೆನ್ ಮನೆಯ ಎದುರಿನ ಬೆಂಚಿನ ಮೇಲೆ ಕೂರುವುದು. ನೀವೆಲ್ಲ ನೋಡಿದ್ದು ಹಳೆಯ ಪ್ರಿಯತಮೆಯ ಕಿಟಕಿಯನ್ನು ನೋಡುತ್ತಿರುವ ಮುದುಕನನ್ನು. ನನಗೆ ಕಂಡದ್ದು ತಾನು ಯಾರ ಜೊತೆ ಸಂಸಾರ ಮಾಡಿದೆ ಎಂಬುದು ಆಕೆ ಸತ್ತ ಮೇಲೆ ತಿಳಿದ ಗಂಡ. ಅಂಥವನು ಎದ್ದು, ಕೋಟು ಸರಿಮಾಡಿಕೊಂಡು, ಮೆಟ್ಟಿಲು ಹತ್ತಿ, ಇನ್ನೊಬ್ಬಳ ಮುಂದೆ ನಿಂತು ಏನು ಮಾತಾಡಬೇಕು?

ಆ ಕಿಟಕಿ ಮುಚ್ಚುವಾಗ ಗಾಜಿನ ಮೇಲೆ ಬಿಸಿಲು ಹೊಳೆದು ಅವನಿಗೆ ನ್ಯೂಪೋರ್ಟಿನ ಕಡಲದಂಡೆ ಕಾಣುತ್ತದೆ. ದೀಪಸ್ತಂಭವನ್ನು ದೋಣಿ ದಾಟುವ ಮೊದಲು ಎಲೆನ್ ತಿರುಗಿ ನೋಡಿದರೆ ಮಾತ್ರ ಅವಳ ಹತ್ತಿರ ಹೋಗುತ್ತೇನೆ ಎಂದು ಹಿಂದೊಮ್ಮೆ ಅಲ್ಲಿ ಪಣ ಕಟ್ಟಿದ್ದ, ಅವಳು ತಿರುಗಿರಲಿಲ್ಲ. ಬೆಂಚಿನ ಮೇಲೆ ಕೂತವನ ಮನಸ್ಸಿನಲ್ಲಿ ಈಗ ತಿರುಗುತ್ತಾಳೆ, ನಗುತ್ತಾಳೆ. ಇದು ಪುಸ್ತಕದ ಕೊನೆಯಲ್ಲಿಲ್ಲ, ಚಿತ್ರ ಸೇರಿಸಿದ್ದು. ಇಲ್ಲಿ ಸ್ಕಾರ್ಸೆಸಿ ಆರ್ಚರ್‌ಗೆ ಸ್ವಲ್ಪ ಹೆಚ್ಚು ದಯೆ ತೋರಿಸಿದ ಎಂದು ನನಗನ್ನಿಸುತ್ತದೆ. ವಾರ್ಟನ್ ಆ ನಗುವನ್ನು ಅವನಿಗೆ ಕೊಡುವುದಿಲ್ಲ. ಕೊಡದಿರುವುದೇ ಸರಿ. ಆ ನಗು ಬಂದದ್ದರಿಂದ ಬಹಳ ಪ್ರೇಕ್ಷಕರು ಕಣ್ಣೀರಿನೊಡನೆ ಎಲೆನ್‌ಳನ್ನೇ ಮನೆಗೆ ಕೊಂಡೊಯ್ಯುತ್ತಾರೆ, ಮಗ ಹೇಳಿದ ಮಾತು ಅಲ್ಲೇ ಉಳಿದುಬಿಡುತ್ತದೆ. ಚಿತ್ರದ ಬಗ್ಗೆ ನನಗಿರುವ ಒಂದೇ ಅಸಮಾಧಾನ ಇದು.

ಏನೂ ನಡೆಯುವುದಿಲ್ಲ ಎಂದ ನಿನ್ನ ಗೆಳತಿಗೆ ಮಾತ್ರ ನನ್ನ ಒಂದು ಬೇಡಿಕೆ ಮುಟ್ಟಿಸು. ಶಬ್ದ ಪೂರ್ತಿ ಕಡಿಮೆ ಮಾಡಿ, ಕೊನೆಯ ಔತಣದಿಂದ ಮೇ ಎದ್ದು ನಿಲ್ಲುವ ತನಕ ಬರೀ ಮುಖಗಳನ್ನು ನೋಡಲಿ. ಅಜ್ಜಿ ನೋಡಿದ ಹಾಗೆ.

ನೀನು ಪುಸ್ತಕ ಓದು ಪುಟ್ಟಿ. 34 ಅಧ್ಯಾಯ ಅಷ್ಟೇ, ರಜಕ್ಕೆ ಬರುವಷ್ಟರಲ್ಲಿ ಮುಗಿಯುತ್ತದೆ. ಅವಸರವಿದ್ದರೆ ಮೊದಲು 16ನೆಯದನ್ನು ಓದು, ಅದು ಸೇಂಟ್ ಆಗಸ್ಟೀನ್, ಆಮೇಲೆ ಔತಣವಿರುವ 33, ಆಮೇಲೆ ಕೊನೆಯದು. ಅಷ್ಟಾದ ಮೇಲೂ ಅವನು ಮೇಲೆ ಹೋಗಬೇಕಿತ್ತು ಅನ್ನಿಸಿದರೆ ನನಗೆ ಬರೆ, ಬಂದಾಗ ಕೂತು ಜಗಳ ಆಡೋಣ. ನಿಮ್ಮಮ್ಮನನ್ನೂ ಒಮ್ಮೆ ಕೇಳು. ಅಕ್ಕ ಮೊದಲಿನಿಂದಲೂ ಎಲೆನ್ ಪಕ್ಷ. ಅವಳ ಕಾರಣಗಳು ನನ್ನವಕ್ಕಿಂತ ಬೇರೆ, ಅವನ್ನು ಅವಳ ಬಾಯಿಂದಲೇ ನೀನು ಕೇಳಬೇಕು.

ಇಂತಿ ನಿನ್ನ
ಚಿಕ್ಕಮ್ಮ